ನೋಟಕ್ಕೂ ಚೆಂದ, ಹಾರಾಟಕ್ಕೂ ಹಿತ: ಮನೆಯಲ್ಲೇ ಒಂದು ‘ಪುಷ್ಪಕ್’ ಕಟ್ಟುವ ಬಗೆ

ರೇಡಿಯೊ ನಿಯಂತ್ರಿತ ಮಾದರಿ ವಿಮಾನ ಕಟ್ಟಲು ಹೊರಟ ಹೊಸಬರಲ್ಲಿ ಹೆಚ್ಚಿನವರ ಕಣ್ಣು ಮೊದಲು ಬೀಳುವುದು ಯುದ್ಧವಿಮಾನಗಳ ಮೇಲೆ, ಅದರಲ್ಲೂ ಸ್ಪಿಟ್‌ಫೈರ್ ಮೇಲೆ. ಆ ಆಸೆ ಸಹಜವಾದದ್ದೇ. ಆದರೆ ದೊಡ್ಡ ವಿಮಾನದಲ್ಲಿ ಕಣ್ಣಿಗೂ ಕೈಗೂ ಒಪ್ಪಿದ ಆಕಾರವೊಂದು ಮೀಟರಿನಷ್ಟು ಅಗಲಕ್ಕೆ ಇಳಿದಾಗ ಚೆಲುವನ್ನು ಮಾತ್ರ ಉಳಿಸಿಕೊಂಡು ಹಿತವನ್ನು ಕಳೆದುಕೊಳ್ಳುವುದುಂಟು. ಎರಡನ್ನೂ ಉಳಿಸಿಕೊಳ್ಳುವ, ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯ ಪುಷ್ಪಕ್‌ನಂಥ ವಿಮಾನವನ್ನು ಆರಿಸುವುದು, ಕಟ್ಟುವುದು ಮತ್ತು ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಸೀಮೆಯ ಬಯಲಿನಲ್ಲಿ ಹಾರಿಸುವುದು ಹೇಗೆಂಬುದನ್ನು ಇಲ್ಲಿ ವಿವರಿಸಿದ್ದೇನೆ.

1936ರ ಮಾರ್ಚ್ 5ರಂದು ಮೊದಲ ಬಾರಿಗೆ ಹಾರಿದ ಸ್ಪಿಟ್‌ಫೈರ್‌ನ ದೀರ್ಘವೃತ್ತಾಕಾರದ ರೆಕ್ಕೆಯನ್ನು ಆರ್.ಜೆ. ಮಿಚೆಲ್ ಅವರ ತಂಡ ಅಲಂಕಾರಕ್ಕೆಂದು ಮಾಡಲಿಲ್ಲ. ರೆಕ್ಕೆ ತೆಳುವಾಗಿರಬೇಕು, ಆದರೆ ಬಂದೂಕುಗಳೂ ಮಡಚಿದ ಗಾಲಿಗಳೂ ಅದರೊಳಗೆ ಹಿಡಿಸಬೇಕು ಎಂಬ ಎರಡು ಬೇಡಿಕೆಗಳಿಗೆ ಅದು ಉತ್ತರವಾಗಿತ್ತು; ಎತ್ತುವ ಬಲ ರೆಕ್ಕೆಯುದ್ದಕ್ಕೂ ಹದವಾಗಿ ಹಂಚಿಕೆಯಾಗಿ ಗಾಳಿಯ ಎಳೆತ ಕಡಿಮೆಯಾದದ್ದೂ ಲಾಭವೇ. ರೆಕ್ಕೆಯನ್ನು ಬುಡದಿಂದ ತುದಿಯವರೆಗೆ ಸುಮಾರು ಎರಡೂವರೆ ಡಿಗ್ರಿಯಷ್ಟು ತಿರುಚಿದ್ದರಿಂದ, ವೇಗ ತೀರ ಕಡಿಮೆಯಾದಾಗ ಮೊದಲು ಬುಡದ ಭಾಗ ಗಾಳಿಯ ಹಿಡಿತ ಕಳೆದುಕೊಂಡು ವಿಮಾನ ನಡುಗುತ್ತಿತ್ತು, ಚಾಲಕನಿಗೆ ಅದೇ ಎಚ್ಚರಿಕೆಯಾಗುತ್ತಿತ್ತು. ಅದೇ ರೆಕ್ಕೆಯನ್ನು ಒಂದು ಮೀಟರಿಗೆ ಇಳಿಸಿದರೆ ತುದಿಯ ಅಗಲ (ಮುಂದಂಚಿನಿಂದ ಹಿಂದಂಚಿಗೆ) ನಾಲ್ಕೈದು ಸೆಂಟಿಮೀಟರ್ ಮಾತ್ರ ಉಳಿಯುತ್ತದೆ. ಅಷ್ಟು ಕಿರಿದಾದ, ಅಷ್ಟು ನಿಧಾನವಾದ ರೆಕ್ಕೆಯ ಮೇಲ್ಮೈಗೆ ಗಾಳಿ ಅಂಟಿಕೊಂಡು ಹರಿಯುವುದಿಲ್ಲ, ಬೇಗನೆ ಕಿತ್ತುಹೋಗುತ್ತದೆ. ಹಾಗಾಗಿ ಮೊದಲು ಸೋಲುವುದು ತುದಿ. ಮುನ್ಸೂಚನೆಯೇ ಇಲ್ಲದೆ ಒಂದು ರೆಕ್ಕೆ ಧಪ್ಪನೆ ಕೆಳಗೆ ಬೀಳುತ್ತದೆ, ಹತ್ತು ಮೀಟರ್ ಎತ್ತರದಲ್ಲಿ ಅದನ್ನು ಸರಿಪಡಿಸಲು ಹೊಸಬರಿಗೆ ಸಮಯವೇ ಸಿಗುವುದಿಲ್ಲ. ಸ್ಪಿಟ್‌ಫೈರ್ ಮೂರನೆಯ ಅಥವಾ ನಾಲ್ಕನೆಯ ವಿಮಾನವಾಗಲಿ, ಮೊದಲನೆಯದು ಬೇಡ.

ಹಾಗಿದ್ದರೆ ಹಾರಿಸಲು ಹಿತವಾದ ವಿಮಾನ ಎಂದರೆ ಯಾವುದು? ದೊಡ್ಡ ವಿಮಾನಗಳ ಚಾಲಕರು ಚಿಪ್‌ಮಂಕ್ ತರಬೇತಿ ವಿಮಾನವನ್ನೋ, ನಮ್ಮ ವಾಯುಪಡೆಯಲ್ಲಿ ದಶಕಗಳ ಕಾಲ ಇದ್ದ ಹಂಟರ್ ಜೆಟ್ ಯುದ್ಧವಿಮಾನವನ್ನೋ ಮೆಚ್ಚಿ ಮಾತನಾಡುವಾಗ ಹೊಗಳುವುದು ವೇಗವನ್ನಲ್ಲ, ನಿಯಂತ್ರಣಗಳ ಹೊಂದಾಣಿಕೆಯನ್ನು. ಮೂತಿ ಏಳಿಸುವುದು, ಓರೆಯಾಗುವುದು, ತಿರುಗುವುದು ಈ ಮೂರಕ್ಕೂ ಕೈಕಾಲಿನ ಶ್ರಮ ಒಂದಕ್ಕೊಂದು ಹೊಂದಿಕೊಂಡಿರಬೇಕು. ಒಂದು ಅತಿ ಚುರುಕು, ಇನ್ನೊಂದು ಅತಿ ಮಂದ ಆಗಬಾರದು. ಚೆಲುವೂ ಈ ಹೊಂದಾಣಿಕೆಯೂ ಇದ್ದು, ಶಕ್ತಿ ಸಾಲದೆ ಹೋದದ್ದಕ್ಕೆ ಬೆಂಗಳೂರಿನಲ್ಲೇ ಹುಟ್ಟಿದ ಮಾರುತ್ ಉದಾಹರಣೆ. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ಮುಂದಾಳತ್ವದಲ್ಲಿ ಎಚ್‌ಎಎಲ್ ರೂಪಿಸಿದ ಈ ಜೆಟ್ ವಿಮಾನ 1961ರಲ್ಲಿ ಮೊದಲು ಹಾರಿತು. ನನ್ನ ಕಣ್ಣಿಗೆ ಭಾರತದಲ್ಲಿ ರೂಪುಗೊಂಡ ವಿಮಾನಗಳಲ್ಲಿ ಅದರಷ್ಟು ಸುಂದರವಾದದ್ದು ಮತ್ತೊಂದಿಲ್ಲ. ಆದರೆ ಆ ಮೈಕಟ್ಟಿಗೆ ತಕ್ಕ ಎಂಜಿನ್ ಕೊನೆಗೂ ಸಿಗಲಿಲ್ಲ.

ಮೊದಲ ಮಾದರಿಗೆ ನಾನು ಸೂಚಿಸುವುದು ಬೆಂಗಳೂರಿನದೇ ಇನ್ನೊಂದು ವಿಮಾನ, ಎಚ್‌ಎಎಲ್ ಪುಷ್ಪಕ್. 1958ರಲ್ಲಿ ಮೊದಲು ಹಾರಿದ, 90 ಅಶ್ವಶಕ್ತಿಯ ಎಂಜಿನ್ನಿನ ಈ ಇಬ್ಬರ ವಿಮಾನ ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಬಹುಕಾಲ ವಿದ್ಯಾರ್ಥಿಗಳಿಗೆ ಹಾರಾಟ ಕಲಿಸಿತು. ಅದರ ಚೆಲುವು ಮೊದಲ ನೋಟಕ್ಕೆ ಕಾಣುವಂಥದ್ದಲ್ಲ. ನೆತ್ತಿಯ ಮೇಲೆ ನೇರವಾಗಿ ಕೂತ ರೆಕ್ಕೆ, ಅದನ್ನು ಎರಡೂ ಬದಿಯಿಂದ ಹೊತ್ತ ಓರೆ ಆಸರೆಗಳು, ಹಿಂದಕ್ಕೆ ಸಣ್ಣಗಾಗುತ್ತ ಹೋಗುವ ಬಟ್ಟೆ ಹೊದಿಸಿದ ಮೈ, ಬಾಲದ ಕೆಳಗೊಂದು ಪುಟ್ಟ ಗಾಲಿ: ಒಂದೊಂದು ಭಾಗವೂ ತನ್ನ ಕೆಲಸಕ್ಕೆ ಬೇಕಾದಷ್ಟೇ ಇದೆ. ಮಾದರಿಗೆ ಬೇಕಾದ ಗುಣಗಳೂ ಇವೇ. ರೆಕ್ಕೆಯ ಅಗಲ ತುದಿಯವರೆಗೂ ಬಹುತೇಕ ಒಂದೇ ಆಗಿರುವುದರಿಂದ ಸ್ಪಿಟ್‌ಫೈರ್‌ನ ತೊಂದರೆ ಇಲ್ಲಿಲ್ಲ. ರೆಕ್ಕೆ ಮೈಯ ಮೇಲೆ ಕೂತಿರುವುದರಿಂದ ವಿಮಾನ ಮಗ್ಗುಲಾಗಿ ಪಕ್ಕಕ್ಕೆ ಜಾರಿದರೂ ಸಮಕ್ಕೆ ಮರಳುವ ಸ್ವಭಾವ ಹೊಂದಿರುತ್ತದೆ.

ಅಳತೆ ಮತ್ತು ತೂಕ

ಮೂಲ ಪುಷ್ಪಕ್‌ನ ರೆಕ್ಕೆ ತುದಿಯಿಂದ ತುದಿಗೆ ಸುಮಾರು 11 ಮೀಟರ್. ಹತ್ತನೆಯ ಒಂದು ಭಾಗಕ್ಕೆ ಇಳಿಸಿದರೆ 110 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲದ ರೆಕ್ಕೆ ಸಿಗುತ್ತದೆ. ಕಾರಿನ ಹಿಂಬದಿಯ ಸೀಟಿನಲ್ಲಿ ಇಡಬಹುದಾದ ಗಾತ್ರ. ಅದರ ವಿಸ್ತೀರ್ಣ 16.5 ಚದರ ಡೆಸಿಮೀಟರ್. ಇಡೀ ವಿಮಾನವನ್ನು ಬ್ಯಾಟರಿ ಸಹಿತ 350 ಗ್ರಾಮಿನೊಳಗೆ ಮುಗಿಸಿದರೆ ಅದು ತನ್ನ ವೇಗ ಗಂಟೆಗೆ ಸುಮಾರು 23 ಕಿ.ಮೀ.ಗೆ ಇಳಿಯುವವರೆಗೂ ಗಾಳಿಯಲ್ಲಿ ನಿಲ್ಲುತ್ತದೆ. ಅದೇ ವಿಮಾನ 700 ಗ್ರಾಂ ತೂಗಿದರೆ ಈ ಮಿತಿ 33 ಕಿ.ಮೀ.ಗೆ ಏರುತ್ತದೆ, ಇಳಿಸುವಾಗ ನೆಲ ಅಷ್ಟೇ ರಭಸದಿಂದ ಎದುರಾಗುತ್ತದೆ. ಆದ್ದರಿಂದ ತೂಕವೇ ಇಲ್ಲಿ ಮುಖ್ಯ, ಮೈಮೇಲಿನ ವಿವರಗಳೆಲ್ಲ ಆಮೇಲೆ. ಹಗುರವಾದ ವಿಮಾನ ನಿಧಾನವಾಗಿ ಹಾರುತ್ತದೆ, ನಿಧಾನವಾಗಿ ಹಾರುವ ಪುಟ್ಟ ವಿಮಾನ ಮಾತ್ರ ದೊಡ್ಡದರಂತೆ ಕಾಣುತ್ತದೆ. ಭಾರವಾದ ಮಾದರಿ ಎಷ್ಟೇ ನಯವಾಗಿದ್ದರೂ ಆಕಾಶದಲ್ಲಿ ಹೆದರಿದ ಹಕ್ಕಿಯ ಹಾಗೆ ಗಡಿಬಿಡಿಯಿಂದ ಓಡಾಡುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇಟ್ಟುಕೊಂಡು, ಅಂಟಿಸುವ ಮುನ್ನ ಪ್ರತಿಯೊಂದು ಭಾಗವನ್ನೂ ತೂಗಿ ಬರೆದಿಡಿ. ಸಣ್ಣ ಮೋಟಾರು, ವೇಗ ನಿಯಂತ್ರಕ, ರಿಸೀವರ್, 9 ಗ್ರಾಮಿನ ಎರಡು ಸರ್ವೊ (ಬಾಲದ ಪಟ್ಟಿಗಳನ್ನು ಅಲುಗಿಸುವ ಪುಟ್ಟ ಮೋಟಾರು) ಹಾಗೂ ಎರಡು ಸೆಲ್ಲಿನ ಲಿಥಿಯಂ ಪಾಲಿಮರ್ ಬ್ಯಾಟರಿ ಸೇರಿ ಸುಮಾರು 130 ಗ್ರಾಂ ಆಗುತ್ತದೆ. ಉಳಿದ 220 ಗ್ರಾಮಿನಲ್ಲಿ ಮೈ, ರೆಕ್ಕೆ, ಬಾಲ, ಗಾಲಿ, ಬಣ್ಣ ಎಲ್ಲ ಬರಬೇಕು.

ಬಾಲ್ಸಾ ಮರ ಇದಕ್ಕೆ ಒಳ್ಳೆಯ ವಸ್ತು, ಆದರೆ ನಮ್ಮ ಊರುಗಳಲ್ಲಿ ಅದನ್ನು ಆನ್‌ಲೈನ್‌ನಲ್ಲೇ ತರಿಸಬೇಕಾಗುತ್ತದೆ. ಐದು ಮಿಲಿಮೀಟರ್ ದಪ್ಪದ ಫೋಮ್ ಹಾಳೆ ಮೊದಲ ವಿಮಾನಕ್ಕೆ ಧಾರಾಳ ಸಾಕು. ಹುಬ್ಬಳ್ಳಿಯ ದುರ್ಗದಬೈಲ್ ಸುತ್ತಲಿನ ಅಥವಾ ಧಾರವಾಡದ ಸುಭಾಸ ರಸ್ತೆಯ ಸ್ಟೇಷನರಿ ಅಂಗಡಿಗಳಲ್ಲಿ ವಿಚಾರಿಸಿ ನೋಡಿ. ಎರಡು ಬದಿಗೂ ಕಾಗದ ಅಂಟಿಸಿದ ಹಾಳೆ ಸಿಕ್ಕರೆ ಒಳಬದಿಯ ಕಾಗದವನ್ನು ಒದ್ದೆ ಮಾಡಿ ಸುಲಿದುಹಾಕಿ, ತೂಕ ಎದ್ದು ಕಾಣುವಷ್ಟು ಇಳಿಯುತ್ತದೆ. ಸಾಮಾನ್ಯ ಸೂಪರ್ ಗ್ಲೂ ಮತ್ತು ಸ್ಪ್ರೇ ಬಣ್ಣ ಫೋಮನ್ನು ಕರಗಿಸಿಬಿಡುತ್ತವೆ; ಬಿಳಿ ಫೆವಿಕಾಲ್ ಒಣಗಲು ಒಂದು ರಾತ್ರಿ ಬೇಕಾದರೂ ಹಗುರವಾಗಿ, ಗಟ್ಟಿಯಾಗಿ ಹಿಡಿಯುತ್ತದೆ. ಬಿಸಿ ಅಂಟಿನ ಗನ್ ಅನ್ನು ಮೋಟಾರಿನ ಬುಡದಂಥ ಒಂದೆರಡು ಜಾಗಕ್ಕೆ ಮಾತ್ರ ಬಳಸಿ.

ರೆಕ್ಕೆಗೆ ಹಾಳೆಯನ್ನು ಮುಂದಂಚಿನಲ್ಲಿ ಗೀರಿ, ಬಗ್ಗಿಸಿ, ಒಂದರ ಮೇಲೊಂದು ಮಡಚಬೇಕು. ಕೆಳಗಿನ ಪದರ ಸಪಾಟಾಗಿರಲಿ. ಮುಂದಂಚಿನಿಂದ ನಾಲ್ಕು ಸೆಂಟಿಮೀಟರ್ ಹಿಂದೆ ಬಿದಿರಿನ ಇಲ್ಲವೇ ಕಾರ್ಬನ್ನಿನ ಕಡ್ಡಿಯೊಂದನ್ನು ಉದ್ದಕ್ಕೂ ಅಂಟಿಸಿ, ಮೇಲಿನ ಪದರವನ್ನು ಅದರ ಮೇಲೆ ಬಾಗಿಸಿ ಹಿಂದಂಚಿಗೆ ತಂದು ಕೂರಿಸಿ. ಅತಿ ಹೆಚ್ಚು ದಪ್ಪ ಒಂದೂವರೆ ಸೆಂಟಿಮೀಟರ್ ಇದ್ದರೆ ಸರಿ. ಅಂಟು ಒಣಗುವ ಮುಂಚೆ, ಎರಡೂ ತುದಿಗಳಲ್ಲಿ ಹಿಂದಂಚಿನ ಕೆಳಗೆ ಐದು ಮಿಲಿಮೀಟರಿನ ಪಟ್ಟಿ ಇಟ್ಟು ರೆಕ್ಕೆಯ ಮೇಲೆ ಪುಸ್ತಕಗಳನ್ನು ಹೇರಿ. ಬೆಳಗಾಗುವಷ್ಟರಲ್ಲಿ ತುದಿಗಳಿಗೆ ಎರಡು ಡಿಗ್ರಿಯ ತಿರುಚು ಬಂದಿರುತ್ತದೆ. ಸ್ಪಿಟ್‌ಫೈರ್‌ಗೆ ಕೊಟ್ಟಿದ್ದೂ ಇಂಥದೇ ಉಪಾಯ. ನಿಮ್ಮ ಪುಷ್ಪಕ್ ಕೂಡ ಬೀಳುವ ಮುನ್ನ ಮೂತಿಯನ್ನು ಮೆಲ್ಲಗೆ ತಗ್ಗಿಸಿ ಎಚ್ಚರಿಸುತ್ತದೆ.

ಮೂಲ ಅಳತೆಯಿಂದ ಎರಡು ಕಡೆ ಬೇರೆಯಾಗಲು ಹಿಂಜರಿಯಬೇಡಿ. ಮೊದಲನೆಯದು, ರೆಕ್ಕೆಯ ತುದಿಗಳನ್ನು ನಡುಭಾಗಕ್ಕಿಂತ ತಲಾ ಐದು ಸೆಂಟಿಮೀಟರ್ ಮೇಲಕ್ಕೆತ್ತಿ. ಏಲೆರಾನ್ (ರೆಕ್ಕೆಯ ಹಿಂದಂಚಿನಲ್ಲಿ ಅಲುಗುವ ಪಟ್ಟಿ) ಇಲ್ಲದೆ, ನಿಂತ ಬಾಲದ ಹಿಂದೆ ಎಡಬಲಕ್ಕೆ ಅಲುಗುವ ರಡ್ಡರ್ ಒಂದರಿಂದಲೇ ವಿಮಾನ ಸೊಗಸಾಗಿ ಓರೆಯಾಗಿ ತಿರುಗಬೇಕಾದರೆ ಈ ಏರಿಕೆ ಬೇಕೇ ಬೇಕು. ಎರಡನೆಯದು, ಮಲಗಿದ ಬಾಲವನ್ನು ತುಸು ಹಿಗ್ಗಿಸಿ ರೆಕ್ಕೆಯ ವಿಸ್ತೀರ್ಣದ ಐದನೆಯ ಒಂದು ಭಾಗದಷ್ಟು ಮಾಡಿ. ಕಟ್ಟುನಿಟ್ಟಿನ ಸ್ಕೇಲ್ ಮಾದರಿಗಾರರು ಇದನ್ನು ಒಪ್ಪಲಿಕ್ಕಿಲ್ಲ. ಆದರೆ ಹಾರುವಾಗ ತಾಳ ತಪ್ಪದ ವಿಮಾನವೇ ಕಣ್ಣಿಗೆ ಚೆಂದ ಎಂದು ನಾನು ನಂಬಿದ್ದೇನೆ, ಮೂವತ್ತು ಮೀಟರ್ ದೂರದಿಂದ ಬಾಲದ ಹೆಚ್ಚುವರಿ ಅಗಲ ಯಾರಿಗೂ ತಿಳಿಯುವುದೂ ಇಲ್ಲ.

ರೆಕ್ಕೆಯನ್ನು ಮೈಮೇಲೆ ಕೂರಿಸುವಾಗ ಅದರ ಮುಂದಂಚು ಹಿಂದಂಚಿಗಿಂತ ಆರೇಳು ಮಿಲಿಮೀಟರ್ ಎತ್ತರದಲ್ಲಿರಲಿ, ಬಾಲ ಸಮತಲದಲ್ಲಿರಲಿ. ಮೋಟಾರನ್ನು ಮೂರು ಡಿಗ್ರಿ ಕೆಳಕ್ಕೆ, ಎರಡು ಡಿಗ್ರಿ ಬಲಕ್ಕೆ ಓರೆಯಾಗಿಸಿ; ಇಲ್ಲದಿದ್ದರೆ ಥ್ರಾಟಲ್ (ಮೋಟಾರಿನ ವೇಗ) ಕೊಟ್ಟಾಗಲೆಲ್ಲ ವಿಮಾನ ಮೂತಿ ಎತ್ತಿ ಎಡಕ್ಕೆ ಎಳೆಯುತ್ತದೆ. ಬಣ್ಣಕ್ಕೆ ನೀರಿನಲ್ಲಿ ತೆಳುವಾಗಿ ಕದಡಿದ ಅಕ್ರಿಲಿಕ್ ಒಂದು ಪದರ ಸಾಕು. ಮೇಲ್ಭಾಗಕ್ಕೆ ತಿಳಿಹಳದಿ, ಕೆಳಭಾಗಕ್ಕೆ ಗಾಢ ನೀಲಿ ಅಥವಾ ಕೆಂಪು ಪಟ್ಟೆ ಹಚ್ಚಿದರೆ ದೂರದಲ್ಲಿ ವಿಮಾನದ ಬೆನ್ನು ಯಾವುದು, ಹೊಟ್ಟೆ ಯಾವುದು ಎಂಬುದು ತಕ್ಷಣ ತಿಳಿಯುತ್ತದೆ.

ಹದಗೊಳಿಸುವುದು

ರೆಕ್ಕೆಯ ಕೆಳಗೆ, ಮುಂದಂಚಿನಿಂದ ನಾಲ್ಕು ಸೆಂಟಿಮೀಟರ್ ಹಿಂದೆ, ಎರಡೂ ಬದಿಗೆ ಒಂದೊಂದು ಗುರುತು ಹಾಕಿ, ಆ ಗುರುತುಗಳಲ್ಲಿ ಎರಡು ಬೆರಳಿನ ಮೇಲೆ ವಿಮಾನವನ್ನು ಎತ್ತಿ ಹಿಡಿಯಿರಿ. ಅದು ಸಮವಾಗಿ ಅಥವಾ ಕೂದಲೆಳೆಯಷ್ಟು ಮೂತಿ ತಗ್ಗಿಸಿ ನಿಲ್ಲಬೇಕು. ಬಾಲ ಇಳಿದರೆ ಬ್ಯಾಟರಿಯನ್ನು ಮುಂದಕ್ಕೆ ಸರಿಸಿ. ಮೂತಿಗೆ ಸೀಸ ಸೇರಿಸುವುದು ಕೊನೆಯ ಉಪಾಯ. ಆಮೇಲೆ ಮೋಟಾರು ನಿಲ್ಲಿಸಿಯೇ, ಹುಲ್ಲಿರುವ ಜಾಗದಲ್ಲಿ ಗಾಳಿಗೆ ಎದುರಾಗಿ ನಿಂತು, ಭುಜದ ಎತ್ತರದಿಂದ ವಿಮಾನವನ್ನು ಸಮವಾಗಿ ಮುಂದಕ್ಕೆ ಬಿಡಿ. ಮೇಲಕ್ಕೆ ಎಸೆಯಬೇಡಿ. ಮೂತಿ ಎತ್ತಿ, ನಿಂತು, ಕುಸಿದರೆ ಬಾಲ ಭಾರವಾಗಿದೆ. ನೇರ ನೆಲಕ್ಕೆ ಹೊರಟರೆ ಮೂತಿ ಭಾರವಾಗಿದೆ, ಇಲ್ಲವೇ ಎಲಿವೇಟರ್ ಅನ್ನು (ಮಲಗಿದ ಬಾಲದ ಹಿಂದೆ ಮೇಲೆ ಕೆಳಗೆ ಅಲುಗುವ ಪಟ್ಟಿಯನ್ನು) ಒಂದು ಮಿಲಿಮೀಟರ್ ಮೇಲಕ್ಕೆ ತಿರುಗಿಸಬೇಕಾಗಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಈ ಕೆಲಸಕ್ಕೆ ಒಂದು ಇಡೀ ಬೆಳಗನ್ನು ಕೊಟ್ಟರೂ ಅದು ವ್ಯರ್ಥವಲ್ಲ.

ಚಾಲಕರು ಹೊಗಳುವ ಆ ಹೊಂದಾಣಿಕೆಯನ್ನು ಮಾದರಿಯಲ್ಲಿ ತರುವುದು ಟ್ರಾನ್ಸ್‌ಮಿಟರ್ ಮೂಲಕ. ಎಲಿವೇಟರ್ ಮೇಲೆ ಕೆಳಗೆ ಎಂಟರಿಂದ ಹತ್ತು ಮಿಲಿಮೀಟರ್ ಮಾತ್ರ ಅಲುಗಲಿ, ರಡ್ಡರ್‌ಗೆ ಎರಡು ಸೆಂಟಿಮೀಟರಿನಷ್ಟು ಅವಕಾಶ ಕೊಡಿ. ಹೊಸಬರ ಹಾರಾಟ ಅಲೆಯಲೆಯಾಗಿ ಏರಿಳಿಯುವುದಕ್ಕೆ ಬಹುಮಟ್ಟಿಗೆ ಕಾರಣ ಅತಿ ಚುರುಕಾದ ಎಲಿವೇಟರ್. ಅದನ್ನು ಕಡಿಮೆ ಮಾಡಿದ ಕೂಡಲೇ ಕೈ ನಿರಾಳವಾಗುತ್ತದೆ, ವಿಮಾನದ ದಾರಿಯೂ ಗೆರೆ ಎಳೆದಂತಾಗುತ್ತದೆ.

ಎಲ್ಲಿ, ಯಾವಾಗ

ಗದಗದ ಕಡೆ ಗಾಳಿಯಂತ್ರಗಳನ್ನು ಸಾಲಾಗಿ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಮುಂಗಾರಿನ ಪಡುವಣ ಗಾಳಿ, ಅದರಲ್ಲೂ ಆಷಾಢದ ಗಾಳಿ, ನಮ್ಮ ಬಯಲಿನಲ್ಲಿ ಗಾಳಿಪಟಕ್ಕೆ ಒಳ್ಳೆಯದು, 350 ಗ್ರಾಮಿನ ವಿಮಾನಕ್ಕಲ್ಲ; ಗಾಳಿ 25 ಕಿ.ಮೀ. ಮುಟ್ಟಿದರೆ ನಿಧಾನ ಹಾರುವ ವಿಮಾನ ಅದಕ್ಕೆ ಎದುರಾಗಿ ನಿಂತಲ್ಲೇ ನಿಲ್ಲುತ್ತದೆ ಅಥವಾ ಹಿಂದಕ್ಕೆ ಸರಿಯುತ್ತದೆ. ದೀಪಾವಳಿಯಿಂದ ಶಿವರಾತ್ರಿಯವರೆಗೆ, ಸೂರ್ಯ ಹುಟ್ಟಿದ ಮೇಲಿನ ಎರಡು ತಾಸು ಅತ್ಯುತ್ತಮ ಸಮಯ. ಆ ದಿನಗಳಲ್ಲಿ ಎರೆ ಹೊಲಗಳಲ್ಲಿ ಬಿಳಿಜೋಳವೂ ಕಡಲೆಯೂ ನಿಂತಿರುತ್ತವೆ. ನಮಗೆ ಬೇಕಾದದ್ದು ಶೇಂಗಾ ಕಿತ್ತು ಖಾಲಿ ಬಿಟ್ಟ ಮಸಾರಿ ಹೊಲ. ಶೇಂಗಾವನ್ನು ಬೇರು ಸಮೇತ ಕೀಳುವುದರಿಂದ ಅಲ್ಲಿ ಕೂಳೆ ಇರುವುದಿಲ್ಲ, ಮಣ್ಣೂ ಮೆತ್ತಗಿರುತ್ತದೆ. ಹಾವೇರಿ ಕಡೆಯ ಗೋವಿನಜೋಳದ ಹೊಲದಲ್ಲಿ ಕೊಯ್ಲಾದ ಮೇಲೆ ಉಳಿಯುವ ಚೂಪಾದ ಕೂಳೆ ಫೋಮ್ ರೆಕ್ಕೆಯನ್ನು ತೂತು ಮಾಡಿಬಿಡುತ್ತದೆ. ಯಾರ ಹೊಲವಾದರೂ ರೈತರನ್ನು ಕೇಳಿಯೇ ಇಳಿಯಿರಿ.

ಹುಬ್ಬಳ್ಳಿ ವಿಮಾನ ನಿಲ್ದಾಣ ಗೋಕುಲ ರಸ್ತೆಯಲ್ಲಿ ಊರಿಗೆ ಅಂಟಿಕೊಂಡೇ ಇರುವುದರಿಂದ ನಗರದ ಮೈದಾನಗಳು ಈ ಹವ್ಯಾಸಕ್ಕೆ ಸಲ್ಲವು. 2021ರ ಡ್ರೋನ್ ನಿಯಮಗಳು ದೂರನಿಯಂತ್ರಿತ ಮಾದರಿಗಳಿಗೂ ಅನ್ವಯಿಸುತ್ತವೆ. ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ನೀವು ಆರಿಸಿದ ಜಾಗ ಹಸಿರು ವಲಯದಲ್ಲಿದೆಯೇ ಎಂದು ನೋಡಿಕೊಂಡು, ನಿಮ್ಮ ವಿಮಾನದ ತೂಕಕ್ಕೆ ಯಾವ ನೋಂದಣಿ ಬೇಕೆಂಬುದನ್ನು ಓದಿ ಪೂರೈಸಿಯೇ ಹೊರಡಿ. ಕಪ್ಪತಗುಡ್ಡದ ಇಳಿಜಾರು ಎಷ್ಟೇ ಆಸೆ ಹುಟ್ಟಿಸಿದರೂ ಅದು ವನ್ಯಜೀವಿಧಾಮ. ರಾಣೆಬೆನ್ನೂರಿನ ಕೃಷ್ಣಮೃಗಗಳ ಧಾಮವೂ ಹಾಗೆಯೇ. ಅವೆರಡನ್ನೂ ಬಿಟ್ಟುಬಿಡಿ.

ಮೊದಲ ಹಾರಾಟದಲ್ಲಿ ಗಾಳಿಗೆ ಎದುರಾಗಿ ಮುಕ್ಕಾಲು ಥ್ರಾಟಲ್‌ನಲ್ಲಿ ಬಿಟ್ಟು, ಮೂವತ್ತು ಮೀಟರ್ ಏರುವವರೆಗೆ ತಿರುಗಿಸಬೇಡಿ. ಆಮೇಲೆ ಥ್ರಾಟಲ್ ಅರ್ಧಕ್ಕೆ ಇಳಿಸಿ ದೊಡ್ಡ ದೊಡ್ಡ ಸುತ್ತು ಹಾಕಿ. ತಿರುಗುವಾಗ ಮೂತಿ ಇಳಿಯದಂತೆ ಎಲಿವೇಟರ್ ತುಸುವೇ ಎಳೆದರೆ ಸಾಕು. ಸಾಕಷ್ಟು ಎತ್ತರದಲ್ಲಿರುವಾಗಲೇ ಒಮ್ಮೆ ಥ್ರಾಟಲ್ ಪೂರ್ತಿ ತೆಗೆದು, ಎಲಿವೇಟರ್ ಎಳೆಯುತ್ತ ಹೋಗಿ, ವಿಮಾನ ಯಾವ ಹಂತದಲ್ಲಿ ಹಿಡಿತ ಬಿಡುತ್ತದೆ, ಬಿಟ್ಟಾಗ ಹೇಗೆ ವರ್ತಿಸುತ್ತದೆ ಎಂಬುದನ್ನು ನೋಡಿಟ್ಟುಕೊಳ್ಳಿ. ಇಳಿಸುವಾಗ ಅದೇ ತಿಳಿವಳಿಕೆ ನಿಮ್ಮನ್ನು ಕಾಯುತ್ತದೆ. ಒಂಬತ್ತು ಗಂಟೆಯ ನಂತರ ಬಿಸಿಲೇರಿ ನೆಲದಿಂದ ಬಿಸಿಗಾಳಿ ಏಳತೊಡಗುತ್ತದೆ, ಹದ್ದುಗಳು ರೆಕ್ಕೆ ಬಡಿಯದೆ ಸುತ್ತತೊಡಗುತ್ತವೆ. ಕೈ ಪಳಗುವವರೆಗೆ ಅಷ್ಟರೊಳಗೆ ಮುಗಿಸಿ, ಬ್ಯಾಟರಿಗಳನ್ನು ಬಿಸಿಲಿನ ಕಾರಿನಲ್ಲಿ ಬಿಡದೆ ನೆರಳಿಗೆ ಒಯ್ಯಿರಿ.

ಪುಷ್ಪಕ್ ಅನ್ನು ಬೇಕೆಂದ ಜಾಗದಲ್ಲಿ ಇಳಿಸಲು ಬಂದ ಮೇಲೆ ಮುಂದಿನದು ಎಚ್‌ಟಿ-2 ಆಗಲಿ. ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲೇ ರೂಪುಗೊಂಡು 1951ರಲ್ಲಿ ಹಾರಿದ ಈ ತರಬೇತಿ ವಿಮಾನಕ್ಕೆ ರೆಕ್ಕೆ ಕೆಳಗಿದೆ, ಹಿಂದೆ ಮುಂದೆ ಎರಡು ಆಸನಗಳಿವೆ, ನೋಟದಲ್ಲಿ ಪುಷ್ಪಕ್‌ಗಿಂತ ಚುರುಕು. ಅದಕ್ಕೆ ಏಲೆರಾನ್ ಬೇಕು, ಅಂದರೆ ಇನ್ನೊಂದು ಸರ್ವೊ ಮತ್ತು ಅದರ ತೂಕ. ಆ ಹೆಚ್ಚುವರಿ ಗ್ರಾಮುಗಳನ್ನು ಎಲ್ಲಿಂದ ಉಳಿಸಬಹುದೆಂಬ ಲೆಕ್ಕವನ್ನು ಹಾಳೆ ಕತ್ತರಿಸುವ ಮುಂಚೆಯೇ ಮಾಡಿಟ್ಟುಕೊಳ್ಳಿ.