ಪ್ರೊಫೈಲ್ ಬದಲಿಸುವ ಮುಂಚೆ ನಿಮ್ಮವರಿಗೆ ಹೇಳಿ

ಯಾವತ್ತೋ ತೆಗೆದ ಫೋಟೋ, ಬಿಟ್ಟು ಹೋದ ಕೆಲಸದ ಬಗ್ಗೆ ಬರೆದ ಬಯೋ, ಕಾಲೇಜಿನಲ್ಲಿದ್ದಾಗ ಇಟ್ಟುಕೊಂಡ ಯೂಸರ್‌ನೇಮ್. ಇದೆಲ್ಲ ಈಗ ನಾನಲ್ಲ ಅನ್ನಿಸಿದರೆ ಖಂಡಿತ ಬದಲಿಸಿ. ಆದರೆ ಎಲ್ಲವನ್ನೂ ಒಂದೇ ರಾತ್ರಿ ಬದಲಿಸಬೇಡಿ.

ನಾನು ಹಾಗೆ ಮಾಡಿದ್ದೆ. ನನ್ನ ಪ್ರತಿ ಪೋಸ್ಟಿಗೂ ಎರಡು ಸಾಲು ಬರೆಯುತ್ತಿದ್ದ ಹಿರಿಯರೊಬ್ಬರು ಇದ್ದಕ್ಕಿದ್ದಂತೆ ಸುಮ್ಮನಾದರು. ಎರಡು ವಾರ ಆದ ಮೇಲೆ ನಾನೇ ಕೇಳಿದರೆ, "ಅಯ್ಯೋ, ಇದು ನೀವಾ? ಯಾರೋ ಅಂದುಕೊಂಡು ನೋಡದೆ ಬಿಟ್ಟೆ" ಅಂದರು. ಮನಸ್ಸಿಗೆ ಬಹಳ ಬೇಜಾರಾಯಿತು. ಜನ ನಮ್ಮನ್ನು ಗುರುತು ಹಿಡಿಯುವುದು ಆ ಪುಟ್ಟ ದುಂಡನೆ ಫೋಟೋ ಮತ್ತು ಅದರ ಪಕ್ಕದ ಹೆಸರಿನಿಂದ ಅಲ್ವಾ, ಎರಡೂ ಒಟ್ಟಿಗೆ ಹೋದರೆ ಅವರಾದರೂ ಏನು ಮಾಡಬೇಕು?

ಹಾಗಾಗಿ ಬಯೋದಿಂದ ಶುರು ಮಾಡಿ. ಇನ್‌ಸ್ಟಾಗ್ರಾಮ್‌ನಲ್ಲಿ 150 ಅಕ್ಷರ, ಎಕ್ಸ್‌ನಲ್ಲಿ 160. ಕನ್ನಡದಲ್ಲಿ ಬರೆದರೆ ಗುಣಿತ, ಒತ್ತು ಎಲ್ಲ ಬೇರೆಬೇರೆಯಾಗಿ ಎಣಿಕೆಗೆ ಬರುತ್ತವೆ, ಜಾಗ ಬೇಗ ಮುಗಿಯುತ್ತದೆ. ಹುದ್ದೆಗಳ ಪಟ್ಟಿ ಬೇಡ. ಈಗ ನಿಮ್ಮ ಹತ್ತಿರ ಯಾವ ವಿಷಯಕ್ಕೆ ಮಾತಿಗೆ ಬರಬಹುದು ಅನ್ನೋದು ಗೊತ್ತಾದರೆ ಸಾಕು.

ಫೋಟೋ ಒಂದೆರಡು ವಾರ ಬಿಟ್ಟು. ಮುಖ ಸ್ಪಷ್ಟವಾಗಿ ಕಾಣಲಿ, ಆದರೆ ಹಳೆಯ ಫೋಟೋದ ಹಿನ್ನೆಲೆ ಬಣ್ಣವನ್ನೇ ಇಟ್ಟುಕೊಳ್ಳಿ.

ಯೂಸರ್‌ನೇಮ್ ಕೊನೆಗೆ, ಯಾಕೆಂದರೆ ಜಾಸ್ತಿ ತೊಂದರೆ ಆಗೋದು ಇಲ್ಲೇ. ಎಕ್ಸ್‌ನಲ್ಲಿ ಹೆಸರು ಬದಲಿಸಿದರೂ ಫಾಲೋವರ್ಸ್ ಉಳಿಯುತ್ತಾರೆ, ಆದರೆ ನೀವು ಬಿಟ್ಟ ಹೆಸರನ್ನು ಬೇರೆ ಯಾರಾದರೂ ತೆಗೆದುಕೊಳ್ಳಬಹುದು. ಯೂಟ್ಯೂಬ್‌ನಲ್ಲಿ 14 ದಿನಕ್ಕೆ ಎರಡೇ ಸಲ ಹ್ಯಾಂಡಲ್ (ಅಲ್ಲಿನ ಯೂಸರ್‌ನೇಮ್) ಬದಲಿಸಲು ಆಗುವುದು. ಫೇಸ್‌ಬುಕ್‌ನಲ್ಲಿ ಹೆಸರು ಬದಲಿಸಿದರೆ ಮತ್ತೆ 60 ದಿನ ಕಾಯಬೇಕು. ರೆಡಿಟ್‌ನಲ್ಲಂತೂ ನೀವೇ ಆರಿಸಿಕೊಂಡ ಹೆಸರನ್ನು ಬದಲಿಸಲು ಆಗುವುದೇ ಇಲ್ಲ.

ಹೆಸರು ಬದಲಿಸುವ ಹಿಂದಿನ ದಿನ, ನಿಮ್ಮ ಜೊತೆ ನಿಜವಾಗಿ ಮಾತಾಡುವ ಹದಿನೈದು ಇಪ್ಪತ್ತು ಜನರ ಹೆಸರು ಬರೆದುಕೊಂಡು ಒಬ್ಬೊಬ್ಬರಿಗೂ ಬೇರೆಬೇರೆ ಮೆಸೇಜ್ ಕಳಿಸಿ. ಒಂದೇ ಮೆಸೇಜನ್ನು ಎಲ್ಲರಿಗೂ ಫಾರ್ವರ್ಡ್ ಮಾಡಬೇಡಿ, ಅದು ಓದಿದ ತಕ್ಷಣ ಗೊತ್ತಾಗುತ್ತದೆ. "ನಾಳೆಯಿಂದ ಈ ಹೆಸರಲ್ಲಿ ಇರ್ತೀನಿ, ಅಂದ ಹಾಗೆ ನಿಮ್ಮ ಮಗಳ ಪರೀಕ್ಷೆ ಹೇಗಾಯ್ತು?" ಅಂತ ಕೇಳಿದರೆ ಅದು ನಿಮ್ಮದೇ ದನಿ ಅಂತ ಅವರಿಗೆ ಗೊತ್ತಾಗುತ್ತದೆ. ಬಯೋದಲ್ಲೂ ಒಂದು ತಿಂಗಳು ಹಳೆಯ ಹೆಸರು ಇರಲಿ. ಅಕ್ಕ ಅಂತ ಕರೆಯುತ್ತಿದ್ದವರನ್ನು ಅಕ್ಕ ಅಂತಲೇ ಕರೆಯಿರಿ, ಹೊಸ ಫೋಟೋ ಬಂತು ಅಂತ ಮೇಡಂ ಅನ್ನಬೇಡಿ.

ಹಳೆಯ ಪೋಸ್ಟ್‌ಗಳನ್ನು ಒಟ್ಟಿಗೆ ಡಿಲೀಟ್ ಮಾಡುವ ಆಸೆ ಬರುತ್ತದೆ. ತಡೆಯಿರಿ. ಅದರ ಕೆಳಗೆ ಬೇರೆಯವರು ಸಮಯ ಕೊಟ್ಟು ಬರೆದ ಮಾತುಗಳಿವೆ, ಅವೂ ಹೋಗುತ್ತವೆ. ಇನ್‌ಸ್ಟಾಗ್ರಾಮ್‌ನಲ್ಲಿ ಆರ್ಕೈವ್ ಮಾಡಿದರೆ, ಅಂದರೆ ಬೇರೆಯವರಿಗೆ ಕಾಣದ ಹಾಗೆ ಎತ್ತಿಟ್ಟರೆ, ಕಾಮೆಂಟ್ ಸಮೇತ ಉಳಿಯುತ್ತದೆ, ಬೇಕಾದಾಗ ವಾಪಸ್ ತರಬಹುದು.

ಹೊಸ ಹೆಸರಿನ ಮೊದಲ ವಾರ ನಿಮ್ಮ ಪೋಸ್ಟ್ ಕಡಿಮೆ ಮಾಡಿ. ಆ ಸಮಯದಲ್ಲಿ ಆ ಹದಿನೈದು ಇಪ್ಪತ್ತು ಜನರ ಪೋಸ್ಟ್ ಓದಿ, ಅವರು ಬರೆದಿದ್ದಕ್ಕೆ ಸರಿಯಾಗಿ ಎರಡು ಸಾಲು ಉತ್ತರ ಕೊಡಿ.