ಮೈ ಬ್ಯೂಟಿಫುಲ್ ಲಾಂಡ್ರೆಟ್ ನೋಡೋದು ಹೇಗೆ: ದುಡ್ಡಿನ ಮೇಲೆ ಕಣ್ಣಿಡಿ

ಗೇ ಲವ್ ಸ್ಟೋರಿ ಅಂತ ಕೇಳಿ ಹಾಕ್ಕೊಂಡು, ಅರ್ಧ ಗಂಟೆಗೆ "ಏನಪ್ಪಾ ಇದು ಬರೀ ಬಿಸಿನೆಸ್ ಮಾತೇ" ಅಂತ ಆಫ್ ಮಾಡ್ಬಿಡ್ಬೇಡಿ, ಆ ಬಿಸಿನೆಸ್ ಮಾತಲ್ಲೇ ಎಲ್ಲಾ ಇರೋದು.

ಕೂರೋ ಮುಂಚೆ ಇಷ್ಟು ಗೊತ್ತಿದ್ರೆ ಸಾಕು. 1985ರ ಬ್ರಿಟಿಷ್ ಸಿನಿಮಾ, ಬರೆದಿದ್ದು ಹನೀಫ್ ಕುರೇಶಿ, ಡೈರೆಕ್ಟರ್ ಸ್ಟೀಫನ್ ಫ್ರಿಯರ್ಸ್. ಚಾನೆಲ್ 4 ಟಿವಿಗೆ ಅಂತ ಕಮ್ಮಿ ಬಜೆಟ್ಟಲ್ಲಿ 16 ಎಂಎಂನಲ್ಲಿ ತೆಗೆದಿದ್ದು, ಎಡಿನ್‌ಬರೋ ಫೆಸ್ಟಿವಲ್‌ನಲ್ಲಿ ಜನ ಮೆಚ್ಚಿದ್ಮೇಲೆ ಥಿಯೇಟರಿಗೆ ಬಂತು, ಹಾಗಾಗಿ ಪಿಕ್ಚರ್ ಸ್ವಲ್ಪ ಕಾಳುಕಾಳಾಗಿ ಕಂಡ್ರೆ ನಿಮ್ಮ ನೆಟ್ಟನ್ನ ಬೈಬೇಡಿ. ಊರು ಸೌತ್ ಲಂಡನ್, ಕಾಲ ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್‌ದು. ಕೆಲ್ಸ ಇಲ್ದೆ ಬೀದೀಲಿ ಅಲೆಯೋ ಬಿಳಿ ಹುಡುಗ್ರು ಒಂದ್ಕಡೆ, ಅಂಗಡಿ ಮನೆ ಗ್ಯಾರೇಜು ಅಂತ ದುಡ್ಡು ಮಾಡ್ಕೊಂಡ ಪಾಕಿಸ್ತಾನಿ ಕುಟುಂಬಗಳು ಇನ್ನೊಂದ್ಕಡೆ. ಸಬ್‌ಟೈಟಲ್ ಮಾತ್ರ ಆನ್ ಮಾಡ್ಕೊಳ್ಳಿ, ಲಂಡನ್ ಬೀದಿ ಇಂಗ್ಲಿಷ್ ಕಿವಿಗೆ ಸಿಗಲ್ಲ.

ಈಗ ಅಸಲಿ ವಿಷ್ಯ. ಪ್ರತಿ ಸೀನಲ್ಲೂ ಸಂಬಳ ಕೊಡೋನು ಯಾರು, ಇಸ್ಕೊಳ್ಳೋನು ಯಾರು ಅಂತ ನೋಡ್ತಾ ಹೋಗಿ. ಕಥೆಯ ಪಾಕಿಸ್ತಾನಿ ಮೂಲದ ಹುಡುಗ ಒಮರ್‌ಗೆ ಚಿಕ್ಕಪ್ಪ ನಾಸಿರ್ ಪಾಳುಬಿದ್ದ ಲಾಂಡ್ರಿ (ಜನ ಕಾಸು ಹಾಕಿ ಮೆಷಿನ್‌ನಲ್ಲಿ ಬಟ್ಟೆ ಒಗ್ಕೊಳ್ಳೋ ಅಂಗಡಿ) ಒಂದನ್ನ ವಹಿಸ್ತಾನೆ, ಒಮರ್ ಕೆಲ್ಸಕ್ಕೆ ಇಟ್ಕೊಳ್ಳೋದು ಹಳೇ ಸ್ಕೂಲ್ ಫ್ರೆಂಡ್, ಬಿಳಿ ಹುಡುಗ ಜಾನಿನ, ಇದೇ ಜಾನಿ ಒಂದು ಕಾಲಕ್ಕೆ ವಲಸೆಗಾರರ ವಿರುದ್ಧ ಮೆರವಣಿಗೆ ಹೋದವ್ನು, ಅದನ್ನ ಒಮರ್ ಅಪ್ಪ ಕಣ್ಣಾರೆ ನೋಡಿದಾರೆ. ಇಬ್ರದ್ದೂ ಪ್ರೀತಿ ನಿಜಾನೇ, ಆದ್ರೂ ಒಂದ್ಕಡೆ ಒಮರ್ ಹಳೇದೆಲ್ಲಾ ತೆಗೆದು, ಈಗ ನೀನು ನನ್ನ ನೆಲ ಒರೆಸ್ತಿದೀಯ, ನನಗದು ಇಷ್ಟ ಅಂತ ಹೇಳಿಬಿಡ್ತಾನೆ. ಆ ಸೀನಲ್ಲಿ ಫೋನ್ ನೋಡ್ಬೇಡಿ ಪ್ಲೀಸ್. ಜಾನಿ ಪಾತ್ರ ಮಾಡಿರೋ ಡೇನಿಯಲ್ ಡೇ-ಲೂಯಿಸ್ ಮುಖ ನೋಡಿ.

ಮನೆಯವ್ರನ್ನ ಕೂರಿಸ್ಕೊಂಡು "ನಾನು ಗೇ" ಅಂತ ಹೇಳ್ಕೊಳ್ಳೋ ಸೀನ್‌ಗೆ ಕಾಯ್ಬೇಡಿ, ಅದು ಬರಲ್ಲ. ಬದಲಿಗೆ ಲಾಂಡ್ರಿ ಓಪನಿಂಗ್ ದಿನ ಇದೆ: ಮುಂದೆ ನಾಸಿರ್ ತನ್ನ ಬಿಳಿ ಪ್ರೇಯಸಿ ರೇಚಲ್ ಜೊತೆ ಡ್ಯಾನ್ಸ್ ಮಾಡ್ತಿರ್ತಾನೆ, ಗಾಜಿನ ಹಿಂದಿನ ರೂಮಲ್ಲಿ ಹುಡುಗ್ರಿಬ್ರು ಇರ್ತಾರೆ, ಎರಡೂ ಜೋಡಿ ಕದ್ದುಮುಚ್ಚಿ ಪ್ರೀತಿ ಮಾಡೋವೇ. ಒಂದ್ಸಲ ಹಿಂದಕ್ಕೆ ತಿರುಗಿಸಿ ನೋಡಿದ್ರೂ ನಷ್ಟ ಇಲ್ಲ. (ಅಪ್ಪ ಅಮ್ಮನ ಜೊತೆ ನೋಡ್ಬೇಕಾ ಬೇಡ್ವಾ ಅನ್ನೋದು ನಿಮಗೇ ಬಿಟ್ಟಿದ್ದು!)

ಕೊನೇ ಹೊಡೆದಾಟಕ್ಕೆ ಮುಂಚೆ ಮೊದಲ್ನೇ ಸೀನ್ ನೆನಪಲ್ಲಿರ್ಲಿ. ಅಲ್ಲಿ ಜಾನಿನ ಮನೆಯಿಂದ ಆಚೆ ಹಾಕಿಸಿದ್ದು ನಾಸಿರ್ ಜೊತೆ ದಂಧೆ ಮಾಡೋ ಸಲೀಮ್, ಅದೇ ಸಲೀಮ್‌ನ ಉಳಿಸೋಕೆ ಹೋಗಿ ಜಾನಿ ತನ್ನ ಹಳೇ ಗ್ಯಾಂಗ್ ಕೈಲೇ ಒದೆ ತಿಂತಾನೆ.

ಫ್ರೆಂಡ್ಸ್ ಜೊತೆ ನೋಡಿದ್ರೆ ಮಾತು ನಾಸಿರ್ ಮಗಳು ತಾನಿಯಾ ಇಂದ ಶುರು ಮಾಡಿ. ಹುಡುಗ್ರಿಗೆ ಅಂಗಡಿ ಸಿಗತ್ತೆ, ಅವಳಿಗೆ ಮನೆಯವ್ರು ಇಟ್ಟಿರೋದು ಮದುವೆ ಮಾತು ಮಾತ್ರ. ನಮ್ಮ ಕಡೆ ಹುಡುಗೀರು ಇದ್ರೆ ಅಲ್ಲಿಂದ ಚರ್ಚೆ ತಾನಾಗೇ ಹೊತ್ಕೊಳ್ಳತ್ತೆ, ನೀವೇನೂ ಮಾಡ್ಬೇಕಿಲ್ಲ.