ಚಪ್ಪೆ ಬಿಯರ್

"ಏನ್ರೀ ಇದು, ಬಿಯರ್ ಚಪ್ಪೆ ಇದೆ?"

ಅಲ್ಲೇ ಬಿಯರ್ ತಯಾರಿಸಿ ಮಾರುವ ಮೈಕ್ರೋಬ್ರೂವರಿಯಲ್ಲಿ ಕ್ಯಾಪ್ಟನ್ (ಸಪ್ಲೈಯರ್ ಹುಡುಗರ ಮುಖ್ಯಸ್ಥ) ಆಗಿ ಸೇರಿದ ಮೊದಲ ವಾರವೇ ಈ ಮಾತನ್ನು ನಾಲ್ಕು ಟೇಬಲ್‌ನಲ್ಲಿ ಕೇಳಿದೆ. ಸಾರಿ ಸಾರ್ ಅಂತ ಹೇಳಿ ಗ್ಲಾಸ್ ಬದಲಾಯಿಸಿ ಕೊಟ್ಟೆ. ಹತ್ತು ನಿಮಿಷಕ್ಕೆ ಅದೂ ಚಪ್ಪೆ. ಒಳಗೆ ಹೋಗಿ ಬಿಯರ್ ತಯಾರಿಸುವ ಬ್ರೂವರ್‌ಗೆ ಹೇಳಿದರೆ ಅವರು ಟ್ಯಾಂಕ್‌ನಿಂದಲೇ ಒಂದು ಗುಟುಕು ಹಿಡಿದು ಕುಡಿದರು. "ಚೆನ್ನಾಗೇ ಇದೆಯಲ್ಲಪ್ಪಾ" ಅಂದರು. ಇಬ್ಬರ ಮಾತೂ ನಿಜ ಅಂತ ತಿಳಿಯೋಕೆ ನನಗೆ ತಿಂಗಳು ಹಿಡಿಯಿತು.

ನಾನು ಕುಂದಾಪುರದ ಕಡೆಯವನು. ಬೆಂಗಳೂರಿಗೆ ಬಂದ ಮೇಲೆ ಮೊದಲು ಕೆಲಸ ಕಲಿತದ್ದು ಮಾವನ ದರ್ಶಿನಿಯಲ್ಲಿ. ಇಂದಿರಾನಗರದ ಟಾಯ್ಟ್, ಲ್ಯಾವೆಲ್ಲೆ ರಸ್ತೆಯ ಬಿಯರ್ ಕ್ಲಬ್, ಮ್ಯಾಗ್ರತ್ ರಸ್ತೆಯ ಆರ್ಬರ್, ಈ ಮೈಕ್ರೋಬ್ರೂವರಿಗಳೆಲ್ಲ ಶುರುವಾಗಿದ್ದು 2010–12ರ ಆಸುಪಾಸಿನಲ್ಲಿ. ಆಮೇಲೆ ಊರ ತುಂಬ ಇಂಥ ಜಾಗಗಳೇ ಆದವು. ಕೆಲಸಕ್ಕೆ ಹುಡುಗರು ಬೇಕಾಗಿತ್ತು, ನಾನೂ ಸೇರಿಕೊಂಡೆ. ಮಾವನಿಗೆ ಅಷ್ಟು ಖುಷಿಯಾಗಲಿಲ್ಲ. ಆದರೂ ಅವರ ಒಂದು ಮಾತನ್ನು ಜೊತೆಗೆ ತಂದಿದ್ದೆ: "ಗಿರಾಕಿ ಬಾಯಲ್ ಹೇಳುದ್ ಬೇರೆ ಮಾಣಿ, ಪ್ಲೇಟಂಗೆ ಬಿಟ್ ಹೋಪುದ್ ಬೇರೆ." ಪ್ಲೇಟ್ ತೆಗೆಯುವಾಗ ಏನು ಉಳಿದಿದೆ ಅಂತ ಅವರು ಯಾವಾಗಲೂ ನೋಡುತ್ತಿದ್ದರು. ಇಡ್ಲಿ ಅರ್ಧ ಉಳಿದಿದ್ದರೆ ಸೀದಾ ಅಡಿಗೆಮನೆಗೆ.

ನಾನು ಗ್ಲಾಸ್ ನೋಡೋಕೆ ಶುರು ಮಾಡಿದೆ. ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು, ಗಿರಾಕಿ ಹೇಳಿದ ಮಾತನ್ನು ಅವರು ಹೇಳಿದ ಹಾಗೇ ಬರೆದುಕೊಂಡೆ. ಚಪ್ಪೆ. ಹುಳಿ. ನಾತ. "ನೀರು ಹಾಕಿದ್ದೀರಾ?" ಪಕ್ಕದಲ್ಲಿ ಟೇಬಲ್ ನಂಬರ್, ಹೊತ್ತು, ಯಾವ ಬಿಯರ್, ತಿನ್ನೋಕೆ ಏನು ತಗೊಂಡಿದ್ದರು, ಇಷ್ಟು. ಹುಡುಗರು ನಗುತ್ತಿದ್ದರು, ಕ್ಯಾಪ್ಟನ್ ಪರೀಕ್ಷೆಗೆ ಓದ್ತಿದ್ದಾರೆ ಅಂತ.

ಮೂರು ವಾರದ ಪುಟಗಳನ್ನು ಒಟ್ಟಿಗೆ ನೋಡಿದಾಗ ಒಂದು ಕಣ್ಣಿಗೆ ಬಿತ್ತು. 'ಚಪ್ಪೆ' ಅಂದ ಟೇಬಲ್‌ಗಳಲ್ಲಿ ಮುಕ್ಕಾಲು ಪಾಲು ಘೀ ರೋಸ್ಟ್ ತಗೊಂಡಿದ್ದವರು. ನಮ್ಮೂರಿನದೇ ಐಟಂ! ಚಿಕನ್ ಘೀ ರೋಸ್ಟ್ ಕೈಯಲ್ಲೇ ತಿನ್ನಬೇಕು, ಬೆರಳು ತುಟಿ ಎಲ್ಲ ತುಪ್ಪ. ಆ ತುಟಿ ಗ್ಲಾಸಿನ ಅಂಚಿಗೆ ತಾಗಿದರೆ ಮುಗೀತು. ಬಿಯರ್ ನೊರೆಗೆ ಜಿಡ್ಡು ಅಂದರೆ ಆಗೋದೇ ಇಲ್ಲ, ನಾಲ್ಕು ಗುಟುಕಿಗೆ ನೊರೆ ಪೂರ್ತಿ ಇಳಿದುಬಿಡುತ್ತದೆ. ನೊರೆ ಹೋದರೆ ಪರಿಮಳವೂ ಮೊದಲಿನ ಹಾಗೆ ಬರೋದಿಲ್ಲ, ನೋಡೋಕೂ ತಣ್ಣಗಾದ ಟೀ ಥರ ಇರುತ್ತದೆ. ಬ್ರೂವರ್ ಟ್ಯಾಂಕ್‌ನಿಂದ ಕುಡಿದಾಗ ಚೆನ್ನಾಗಿಯೇ ಇರುತ್ತದೆ, ಅವರ ತುಟಿಯಲ್ಲಿ ತುಪ್ಪ ಇಲ್ಲವಲ್ಲ.

ಹಾಗಂತ ಘೀ ರೋಸ್ಟ್ ನಿಲ್ಲಿಸೋಕಾಗುತ್ತಾ? ಅದರ ಪ್ಲೇಟ್ ಜೊತೆ ಬಿಸಿನೀರಿನ ಬಟ್ಟಲು, ನಿಂಬೆ ಹೋಳು, ದಪ್ಪ ಟಿಶ್ಯೂ ಕೇಳುವ ಮೊದಲೇ ಇಡೋದು ಅಂತ ಮಾಡಿದೆವು. ಜೊತೆಗೆ ನೀರ್ ದೋಸೆ. ಕೈ ಒರೆಸಿಕೊಳ್ಳಿ ಅಂತ ಯಾರಿಗೂ ಹೇಳಲಿಲ್ಲ. ಎದುರಿಗೆ ಟಿಶ್ಯೂ ಇದ್ದರೆ ಜನ ತಾವೇ ಬಾಯಿ ಒರೆಸಿಕೊಳ್ಳುತ್ತಾರೆ.

ಆದರೆ ಉಳಿದ ಕಾಲು ಭಾಗದವರು ಬರೀ ಕಾಂಗ್ರೆಸ್ ಕಡ್ಲೆಕಾಯಿ ತಿಂದವರು, ಇಲ್ಲಾ ಏನೂ ತಿನ್ನದವರು. ಅಲ್ಲಿ ತಪ್ಪು ನಮ್ಮದೇ. ಬ್ರೂವರ್ ಒಂದು ಪರೀಕ್ಷೆ ತೋರಿಸಿದರು, ಮನೆಯಲ್ಲೂ ಮಾಡಿ ನೋಡಬಹುದು. ತೊಳೆದ ಗ್ಲಾಸಿನ ಒಳಗೆ ನೀರು ಹಾಯಿಸಿ ಚೆಲ್ಲಿ, ಒದ್ದೆ ಇರುವಾಗಲೇ ಪುಡಿ ಉಪ್ಪು ಉದುರಿಸಬೇಕು. ಸ್ವಚ್ಛ ಇದ್ದ ಕಡೆ ಉಪ್ಪು ಒಂದೇ ಸಮ ಅಂಟುತ್ತದೆ. ಜಿಡ್ಡಿದ್ದ ಕಡೆ ಅಂಟೋದೇ ಇಲ್ಲ. ನಮ್ಮ ರ‍್ಯಾಕ್‌ನಿಂದ ಸುಮ್ನೆ ಕೈಗೆ ಸಿಕ್ಕ ಆರು ಗ್ಲಾಸ್ ತೆಗೆದೆವು. ಎರಡರಲ್ಲಿ ಉಪ್ಪು ಸರಿಯಾಗಿ ಕೂತಿತು. ಇನ್ನು ನಾಲ್ಕರಲ್ಲಿ ಉದ್ದುದ್ದ ಬೋಳು ಪಟ್ಟೆ, ಒಂದರಲ್ಲಂತೂ ಐದು ಬೆರಳಿನ ಗುರುತು.

ಕಾರಣ ಹುಡುಕಿದರೆ, ಒಣಗಿಸೋಕೆ ಅಂತ ಹುಡುಗ ಎಲ್ಲಾ ಗ್ಲಾಸನ್ನೂ ಒಳಗೆ ಕೈ ಹಾಕಿ ಬಟ್ಟೆಯಲ್ಲಿ ಒರೆಸುತ್ತಿದ್ದ. ಅದೇ ಬಟ್ಟೆಯಲ್ಲಿ ಕೌಂಟರ್ ಕೂಡ. ಪಾಪ, ಫಳಫಳ ಹೊಳೆಯಲಿ ಅಂತಲೇ ಮಾಡಿದ್ದು. ಬಟ್ಟೆ ತೆಗೆಸಿದೆ. ಈಗ ತೊಳೆದ ಗ್ಲಾಸನ್ನು ಜಾಲರಿ ಮೇಲೆ ಬೋರಲು ಹಾಕಿ ತಾನಾಗಿ ಒಣಗಲು ಬಿಡುತ್ತೇವೆ. ಬಿಯರ್ ಹಿಡಿಯುವ ಮುಂಚೆ ತಣ್ಣೀರಲ್ಲಿ ಒಮ್ಮೆ ಜಾಲಿಸುತ್ತೇವೆ. ಪ್ಲೇಟ್ ತೊಳೆಯುವ ಸಿಂಕ್‌ಗೂ ಗ್ಲಾಸಿನ ಸಿಂಕ್‌ಗೂ ಸಂಬಂಧ ಇಲ್ಲ. ಗ್ಲಾಸ್ ಚೆನ್ನಾಗಿದ್ದರೆ ಒಂದೊಂದು ಗುಟುಕಿಗೂ ಒಳಗೋಡೆಯಲ್ಲಿ ನೊರೆಯ ಒಂದು ಬಳೆ ಉಳಿಯುತ್ತದೆ. ಈಗಲೂ ಟೇಬಲ್ ಕ್ಲಿಯರ್ ಮಾಡುವಾಗ ನಾನು ಮೊದಲು ನೋಡೋದು ಆ ಬಳೆಗಳನ್ನೇ.

ನೊರೆಯದೇ ಇನ್ನೊಂದು ಜಗಳ ಇದೆ. "ಅರ್ಧ ಗ್ಲಾಸ್ ನೊರೆ ಕೊಟ್ಟು ಪೂರ್ತಿ ದುಡ್ಡು ತಗೋತೀರಾ?" ಅರ್ಧ ಗ್ಲಾಸ್ ಇದ್ದರೆ ಅದು ಮೋಸವೇ, ಬದಲಾಯಿಸಿ ಕೊಡಬೇಕು. ಎರಡು ಬೆರಳಿನಷ್ಟು ಇದ್ದರೆ ಅದು ಇರಬೇಕಾದ್ದೇ. ಈ ವಿಷಯವನ್ನು ಬಾಯಲ್ಲಿ ಹೇಳಿ ಯಾರನ್ನೂ ಗೆದ್ದಿಲ್ಲ ನಾನು. ಗ್ಲಾಸಿನ ಮೇಲೆ ಅಳತೆ ಗೆರೆ ಹಾಕಿಸಿ ಅಂತ ಮಾಲೀಕರಿಗೆ ಹೇಳಿದೆ, ಗೆರೆವರೆಗೆ ಬಿಯರ್, ಅದರ ಮೇಲೆ ನೊರೆ. ಹೊಸ ಗ್ಲಾಸಿಗೆ ಖರ್ಚಾಯಿತು, ಜಗಳ ನಿಂತಿತು.

'ನಾತ' ಅನ್ನೋದು ತುಂಬಾ ದಿನ ಬಗೆಹರಿಯಲೇ ಇಲ್ಲ. ಬರೆದುಕೊಂಡದ್ದನ್ನು ನೋಡಿದರೆ ಎಲ್ಲವೂ ಟೆರೇಸ್‌ನ ದೂರು. ಅದೂ ಮಧ್ಯಾಹ್ನ ಎರಡರಿಂದ ನಾಲ್ಕು. ಅದೇ ನಲ್ಲಿ, ಅದೇ ಬಿಯರ್, ಕೆಳಗೆ ಕೂತವರಿಗೆ ಏನೂ ತೊಂದರೆ ಇಲ್ಲ. ಟೆರೇಸ್ ಹುಡುಗನ ಮೇಲೇ ನನಗೆ ಅನುಮಾನ ಬಂದಿತ್ತು, ಅವನು ಬೇರೆ ಗ್ಲಾಸ್ ಬಳಸ್ತಾನೇನೋ ಅಂತ. ಒಂದು ಭಾನುವಾರ ನಾನೇ ಐಪಿಎ ಅನ್ನುವ ಕಹಿ ಬಿಯರ್ ಎರಡು ಗ್ಲಾಸ್ ಹಿಡಿದು, ಒಂದನ್ನು ಕೊಡೆಯ ನೆರಳಲ್ಲಿ, ಇನ್ನೊಂದನ್ನು ಬಿಸಿಲಲ್ಲಿ ಇಟ್ಟು ಕಾಯುತ್ತಾ ನಿಂತೆ. ಹತ್ತು ನಿಮಿಷ ಬಿಟ್ಟು ಮೂಸಿದರೆ ಬಿಸಿಲಿನದು ಸುಟ್ಟ ರಬ್ಬರ್ ಥರ, ಒದ್ದೆ ನಾಯಿ ಥರ. ಬಿಯರ್‌ಗೆ ಕಹಿ, ಪರಿಮಳ ಕೊಡುವ ಹಾಪ್ಸ್ ಹೂವಿಗೂ ಬಿಸಿಲಿಗೂ ಆಗಿಬರೋದಿಲ್ಲ, ಗಂಧಕದ ವಾಸನೆ ಹುಟ್ಟಿಕೊಳ್ಳುತ್ತದೆ. ಬಾಟಲಿ ಬಿಯರ್ ಹೆಚ್ಚಾಗಿ ಕಂದು ಗಾಜಿನಲ್ಲಿ ಬರೋದು ಇದಕ್ಕೇ. ನಮ್ಮ ಗ್ಲಾಸು ನೀರಿನ ಥರ ಪಾರದರ್ಶಕ.

ಪಡುವಣ ಕಡೆಯ ಮೂರು ಟೇಬಲ್‌ಗೆ ದೊಡ್ಡ ಕೊಡೆ ಬಂತು. ಬಿಸಿಲಲ್ಲೇ ಕೂರ್ತೀವಿ ಅನ್ನುವವರಿಗೆ 500 ಎಂಎಲ್ ಬದಲು 330ರ ಗ್ಲಾಸ್ ತಗೊಳ್ಳಿ, ವಾಸನೆ ಕೆಡುವ ಮೊದಲೇ ಖಾಲಿಯಾಗುತ್ತೆ ಅಂತ ಹೇಳುತ್ತೇವೆ. ಬಿಲ್ ಕಮ್ಮಿಯಾಗುವ ಸಲಹೆ ಕೊಟ್ಟರೆ ಗಿರಾಕಿ ಮೊದಲು ಅನುಮಾನದಿಂದ ನೋಡುತ್ತಾರೆ, ಆಮೇಲೆ ಇನ್ನೊಂದು ಹೇಳುತ್ತಾರೆ.

ಇನ್ನು ಕೆಲವು ಮಾತು ದೂರೇ ಅಲ್ಲ, ಅಭ್ಯಾಸ. ಹೆಫೆವೈಜನ್ ಅನ್ನುವ ಗೋಧಿ ಬಿಯರ್ ಕುಡಿದು "ಬಾಳೆಹಣ್ಣಿನ ಎಸೆನ್ಸ್ ಹಾಕಿದ್ದೀರಲ್ವಾ?" ಅಂತ ಕೇಳುತ್ತಾರೆ. ಇಲ್ಲ, ಅದು ಯೀಸ್ಟ್ ತಾನಾಗಿ ಕೊಡುವ ವಾಸನೆ, ಜೊತೆಗೆ ಸ್ವಲ್ಪ ಲವಂಗದ್ದೂ. ಮಬ್ಬಾಗಿರೋದು ಗೋಧಿ ಮತ್ತು ಯೀಸ್ಟ್‌ನಿಂದ, ಕೆಟ್ಟಿದ್ದಲ್ಲ. "ನೀರು ಹಾಕಿದ್ದೀರಾ" ಅನ್ನುವವರು ಹೆಚ್ಚಾಗಿ ಬಾಟಲಿಯ ಸ್ಟ್ರಾಂಗ್ ಬಿಯರ್ ಕುಡಿದು ಬೆಳೆದವರು. ಅದರಲ್ಲಿ ಆಲ್ಕೋಹಾಲ್ ಏಳೆಂಟು ಪರ್ಸೆಂಟ್, ನಮ್ಮ ಗೋಧಿ ಬಿಯರ್ 5ರ ಆಸುಪಾಸು. ಕಿಕ್ ಹುಡುಕಿಕೊಂಡು ಬಂದವರಿಗೆ ಪರಿಮಳದ ಪಾಠ ಮಾಡಿದರೆ ಅವರಿಗೆ ಸಿಟ್ಟು ಬರುತ್ತದೆ, ಬರಬೇಕಾದ್ದೇ. ಕಪ್ಪು ಹಲಗೆಯಲ್ಲಿ ಪ್ರತಿ ಬಿಯರ್ ಮುಂದೆ ಪರ್ಸೆಂಟ್ ಬರೆದೆವು. ಕೆಳಗೆ ಒಂದೇ ಪದ: ಹಣ್ಣು, ಕಹಿ, ಕಾಫಿ, ಹುಳಿ. ಮೊದಲು ಅಲ್ಲಿ ಇಂಗ್ಲಿಷ್‌ನಲ್ಲಿ ನಾಲ್ಕು ಸಾಲು ವರ್ಣನೆ ಇತ್ತು, ಓದಿದವರನ್ನು ನಾನು ನೋಡಿಲ್ಲ.

ಒಂದು ಶುಕ್ರವಾರ ಇಬ್ಬರು ಗೆಳೆಯರು ಬಂದರು. ಒಬ್ಬರು ಸ್ಟೌಟ್ ಅನ್ನುವ ಕಪ್ಪು ಬಿಯರ್ ನೋಡಬೇಕು ಅಂತ, ಇನ್ನೊಬ್ಬರು ದುಡ್ಡು ದಂಡ ಅಂತ. ಕೊನೆಗೆ ಸಂಕೋಚದಲ್ಲೇ ಕೇಳಿದರು, "ಬೈ ಟು ಕೊಡ್ತೀರಾ?" ನನಗೆ ಮಾವನ ದರ್ಶಿನಿಯ ಕಾಫಿ ಕೌಂಟರೇ ಕಣ್ಣಮುಂದೆ ಬಂತು. 330ನ್ನು ಎರಡು ಗ್ಲಾಸಿಗೆ ಹಂಚಿ ಕೊಟ್ಟೆ. ಮ್ಯಾನೇಜರ್‌ಗೆ ಇಷ್ಟವಾಗಲಿಲ್ಲ. ಆಮೇಲೆ ಅದನ್ನೇ ಬೇರೆ ರೂಪದಲ್ಲಿ ಒಪ್ಪಿದರು: ಯಾವ ಬಿಯರ್ ಆದರೂ ಒಂದು ಗುಟುಕು ರುಚಿ ನೋಡೋಕೆ ಪುಕ್ಕಟೆ, ಕೂತ ಐದು ನಿಮಿಷದೊಳಗೆ ನಾವೇ ಕೇಳಬೇಕು. ರುಚಿ ನೋಡಿ ಆರಿಸಿಕೊಂಡ ಗ್ಲಾಸನ್ನು ವಾಪಸ್ ಕಳಿಸುವವರು ತೀರಾ ಕಮ್ಮಿ.

ಬಿಲ್ಲಿನ ಬಗ್ಗೆ ಜಾಸ್ತಿ ಬರೆಯೋದಿಲ್ಲ. ಊಟಕ್ಕೆ ಜಿಎಸ್‌ಟಿ ಇದೆ, ಮದ್ಯ ಜಿಎಸ್‌ಟಿಯಿಂದ ಹೊರಗೆ, ಅದಕ್ಕೇ ನಾವು ಎರಡು ಬಿಲ್ ಕೊಡೋದು. ಇದನ್ನು ಬಿಲ್ ಕೊಡುವಾಗಲೇ ಹೇಳಿದರೆ ಮುಗೀತು, ಕೇಳಿದ ಮೇಲೆ ಹೇಳಿದರೆ ಸಮಜಾಯಿಷಿ ಥರ ಕೇಳಿಸುತ್ತದೆ. ಸರ್ವಿಸ್ ಚಾರ್ಜನ್ನು ತಾನಾಗಿ ಸೇರಿಸಬಾರದು ಅಂತ 2022ರ ಜುಲೈನಲ್ಲೇ ಕೇಂದ್ರದ ಗ್ರಾಹಕ ಪ್ರಾಧಿಕಾರ ಹೇಳಿತ್ತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ನಮ್ಮಲ್ಲಿ ಅದನ್ನು ತೆಗೆದ ಮೇಲೆ ಟಿಪ್ಸ್ ಕಮ್ಮಿಯಾಗುತ್ತೆ ಅಂತ ಹುಡುಗರು ಹೆದರಿದ್ದರು. ಸರ್ವಿಸ್ ಚೆನ್ನಾಗಿದ್ದ ದಿನ ಕಮ್ಮಿಯಾಗಿಲ್ಲ.

ನೋಟ್‌ಬುಕ್‌ನಲ್ಲಿ ನನಗೆ ತುಂಬಾ ಇಷ್ಟದ ಸಾಲು ಒಬ್ಬ ಅಮ್ಮನದು. ಮಗ ಸೊಸೆ ಜೊತೆ ಬಂದಿದ್ದರು. ತಾವು ಕುಡಿಯುವವರಲ್ಲ, ಮುಂದೆ ಗೋಳಿಬಜೆ ಪ್ಲೇಟ್ ಇತ್ತು. ಮಗನ ಲಾಗರ್ ಬಿಯರ್ ಗ್ಲಾಸ್ ಹತ್ತಿರ ಮೂಗು ತಂದು, "ಇದೇನೋ ಬೆಣ್ಣೆ ಕಾಯಿಸಿದ ಹಾಗೆ ವಾಸನೆ" ಅಂದರು. ಮಗ ನಕ್ಕ. ನಾನು ಬರೆದುಕೊಂಡು ಬ್ರೂವರ್‌ಗೆ ತೋರಿಸಿದೆ. ಅವರು ನಗಲಿಲ್ಲ. ಟ್ಯಾಂಕ್‌ನಿಂದ ಹಿಡಿದು ಮೂಸಿದರು, ಏನೂ ಇಲ್ಲ. ನಲ್ಲಿಯಿಂದ ಹಿಡಿದು ಮೂಸಿದರು, ಬೆಣ್ಣೆ. ನಲ್ಲಿ ಬಿಚ್ಚಿದಾಗ ಒಳಗೆ ಲೋಳೆ ಕಟ್ಟಿತ್ತು. ಪೈಪಿನಲ್ಲಿ ಬ್ಯಾಕ್ಟೀರಿಯಾ ಸೇರಿಕೊಂಡರೆ ಇಂಥ ವಾಸನೆ ಬರುತ್ತದಂತೆ. ಆ ವಾರ ಪೈಪ್ ತೊಳೆಯುವ ಸರದಿ ತಪ್ಪಿಹೋಗಿತ್ತು, ಚಾರ್ಟ್‌ನಲ್ಲಿ ಮಾತ್ರ ಟಿಕ್ ಬಿದ್ದಿತ್ತು.

ಅವತ್ತು ಆ ನಲ್ಲಿ ಬಂದ್ ಮಾಡಿ, ಆ ಟೇಬಲ್‌ನ ಲಾಗರ್ ಬಿಲ್ಲಿನಿಂದ ತೆಗೆದೆ. ತಿಂಗಳು ಬಿಟ್ಟು ಅವರು ಮತ್ತೆ ಬಂದರು. ಮಗನ ಗ್ಲಾಸ್ ಟೇಬಲ್‌ಗೆ ಬಂದ ಕೂಡಲೇ ಅಮ್ಮ ಕೈ ಚಾಚಿದರು. ಮೂಸಿ, ನನ್ನ ಕಡೆ ನೋಡಿ, "ಇವತ್ತು ಪರವಾಗಿಲ್ಲಪ್ಪ" ಅಂದು ಮಗನ ಮುಂದೆ ಇಟ್ಟರು. ಗೋಳಿಬಜೆಗೆ ಎಣ್ಣೆ ಜಾಸ್ತಿಯಾಯಿತು ಅಂತಲೂ ಹೇಳಿದರು. ಅದನ್ನೂ ಬರೆದುಕೊಂಡೆ.